ಕೇಳಿ ಹೋದವರು ಹೇಳಲೂ ಬರಲಿ



ಸಮೀಕ್ಷೆ ಎಂದರೆ ನಮ್ಮ ಕಾಸರಗೋಡಿನ ಎಣ್ಮಕಜೆ ಕಡೆಯ ಅಮ್ಮಂದಿರಿಗೆ ಹೊಸತಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು ನಿಂತದ್ದು 2000ದ ಕೊನೆಗೆ. ಅದಕ್ಕೆ ಮೊದಲೇ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ಮನೆಗಳ ಕಾಯಿಲೆಗಳನ್ನು ಗಮನಿಸಿ ಬರೆದಿದ್ದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಲೋಕಕ್ಕೆ ಮುಟ್ಟಿಸಿದರು. ಅಹಮದಾಬಾದಿನ ತಜ್ಞರು ಬಂದು ಶಾಲಾಮಕ್ಕಳನ್ನು ಪರೀಕ್ಷಿಸಿದ್ದು 2001ರಲ್ಲಿ. ಊರಿನವರೇ ಮೊದಲು ಕಂಡ ಸತ್ಯವಿದು. (ಬಿಎಸ್ಸಿ ಓದಿದ ನಮಗೆ ಯಾವ ಪಠ್ಯದಲ್ಲೂ ಸಿಗಲಿಲ್ಲ!)

ಆದರೆ ಲೆಕ್ಕಕ್ಕೆ ಬಂದವರು ಹೆಚ್ಚಾಗಿ ರೋಗಿಗಳು. ಬೆಳೆದ ಮಗನನ್ನು ಇಂದಿಗೂ ಎತ್ತಿ ಮೀಯಿಸುವ ಅಮ್ಮನ ಸೊಂಟನೋವು, ಅವಳ ನಿದ್ದೆ, ಓದು ಬಿಟ್ಟು ಮನೆಯಲ್ಲಿ ಕೂತ ತಂಗಿ, ಇವರನ್ನು ಕೇಳುವವರು ಕಡಿಮೆ. ಫಾರ್ಮ್ ಮಲಯಾಳದಲ್ಲಿ, ಅಮ್ಮನ ಮಾತು ತುಳುವಿನಲ್ಲೋ ಕನ್ನಡದಲ್ಲೋ.

ಈ ಸಲ ಮನೆಭೇಟಿಗೆ ಹೋಗುವಾಗ ಪ್ರಶ್ನೆಗಳನ್ನು ಆ ಅಮ್ಮಂದಿರ ಜತೆಯೇ ಕೂತು ಬರೆಯೋಣ, ಯಾವ ಮತದ ಮನೆಯೆಂದು ನೋಡದೆ. ಸಿಕ್ಕಿದ ಉತ್ತರಗಳನ್ನು ಹೆಸರು ಹೇಳದೆ ಅವರದೇ ಜಗಲಿಯಲ್ಲಿ ಓದಿ ಹೇಳೋಣ. ಫೋಟೊ ಬೇಡವೇ ಬೇಡ. ಆ ಮಕ್ಕಳ ಫೋಟೊ ಸಾಕಷ್ಟು ಜನ ತೆಗೆದಿದ್ದಾರೆ. ವಾರಕ್ಕೊಂದು ಮಧ್ಯಾಹ್ನ ಬಿಡುವು ಬೇಕೆಂದು ಅಮ್ಮ ಹೇಳಿದರೆ ಮಗನ ಬಳಿ ಕೂರಲು ಯಾರು ಹೋಗುವುದು? ಭಾನುವಾರ ಪೂಜೆ ಮುಗಿದ ಮೇಲೆ ಹೆಸರು ಕೊಡಿ.