ನಿಂತೇ ದುಡಿಯುವವರ ನೋವು

ನೋವು ಸಹಿಸುವುದೂ ಪೊಲೀಸರ ಕೆಲಸದ ಭಾಗವೇ? ಹೌದೆಂದೇ ನಾವು ನಂಬಿದಂತಿದೆ. ಹವಾಲ್ದಾರರೊಬ್ಬರು ‘ನಡ ಹಿಡದದ’ ಎಂದರೆ ವಯಸ್ಸಾಯಿತು, ಹೊಟ್ಟೆ ಬಂತು, ಕವಾಯತು ತಪ್ಪಿತು ಎಂದು ಅವರ ಮೈಯಲ್ಲೇ ಕಾರಣ ಹುಡುಕುತ್ತೇವೆ. ನನ್ನ ಪ್ರಕಾರ ಮುಖ್ಯ ಕಾರಣ ಇರುವುದು ಡ್ಯೂಟಿ ಪಟ್ಟಿಯಲ್ಲಿ.

ಬೀದರ್ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣವನ್ನೇ ನೋಡಿ. ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಒಂದು ಕಡೆ ಮಹಾರಾಷ್ಟ್ರದ ಗಡಿ, ಇನ್ನೊಂದು ಕಡೆ ತೆಲಂಗಾಣ. ನಡುರಾತ್ರಿ ಅಪಘಾತವಾದರೂ ಠಾಣೆಯವರು ಓಡಬೇಕು. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ದತ್ತ ಜಯಂತಿಗೆ ಪಕ್ಕದ ಮಾಣಿಕನಗರದಲ್ಲಿ ಉತ್ಸವ, ಬಸವಕಲ್ಯಾಣದ ಅನುಭವ ಮಂಟಪದ ಕಾರ್ಯಕ್ರಮಗಳಿಗೆ ಗಣ್ಯರ ಭೇಟಿ. 2021ರ ಏಪ್ರಿಲ್ 17ರಂದು ಬಸವಕಲ್ಯಾಣದ ಉಪಚುನಾವಣೆ ನಡೆದದ್ದು ಕೊರೊನಾದ ಎರಡನೇ ಅಲೆಯ ನಡುವೆ, ಬೀದರ್ ಜಿಲ್ಲೆಯ ಬಿರುಬಿಸಿಲಿನಲ್ಲಿ. ಜನ ಬಂದು ದರ್ಶನ ಮಾಡಿ, ಮತ ಹಾಕಿ ಮನೆಗೆ ಹೋಗುತ್ತಾರೆ. ಅವರು ಬರುವ ಮೊದಲೇ ನಿಂತು, ಕೊನೆಯವರು ಹೋಗುವ ತನಕ ನಿಲ್ಲುವವರು ಬಂದೋಬಸ್ತಿನವರು.

ನಡೆಯುವುದಕ್ಕಿಂತ ನಿಂತಲ್ಲೇ ನಿಲ್ಲುವುದು ಕಠಿಣ. ನಡೆದಾಗ ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗದೆ ನಿಂತರೆ ಆ ಕೆಲಸ ನಿಲ್ಲುತ್ತದೆ, ರಕ್ತ ಕಾಲಿನಲ್ಲೇ ತಂಗುತ್ತದೆ, ಪಾದ ಊದುತ್ತದೆ. ಗಟ್ಟಿ ಅಟ್ಟೆಯ ಬೂಟಿನೊಳಗೆ ಹಿಮ್ಮಡಿ ಉರಿಯುತ್ತದೆ. ಮೊಣಕಾಲು ಮತ್ತು ಸೊಂಟ ದೇಹದ ಭಾರವನ್ನು ಬಿಡುವಿಲ್ಲದೆ ಹೊರುತ್ತವೆ. ಮರುದಿನ ಅದೇ ಸೊಂಟ ಗಸ್ತಿನ ಬೈಕಿನ ಕುಲುಕಾಟ ತಿನ್ನಬೇಕು, ಇಲ್ಲವೇ ಕಂಪ್ಯೂಟರ್ ಮುಂದೆ ಬಾಗಿ ಕೂರಬೇಕು. ದಣಿದ ಸ್ನಾಯು ಚೇತರಿಸಿಕೊಳ್ಳುವುದು ನಿದ್ದೆಯಲ್ಲಿ. ರಾತ್ರಿ ಪಾಳಿ ಆ ನಿದ್ದೆಯನ್ನೇ ಕಸಿಯುತ್ತದೆ, ನಿದ್ದೆಗೆಟ್ಟವರಿಗೆ ನೋವು ಹೆಚ್ಚೇ ಕಾಡುತ್ತದೆ. ಆಗ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆಯೇ ಗತಿ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಅದನ್ನು ದಿನವೂ ನುಂಗಿದರೆ ಮೂತ್ರಪಿಂಡಕ್ಕೆ ಕುತ್ತು.

ನಿಂತು ದುಡಿಯುವವರ ಕಷ್ಟ ನಮ್ಮ ಕಾನೂನಿಗೆ ತಿಳಿಯದ್ದೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ, ನಿಂತು ಕೆಲಸ ಮಾಡಬೇಕಾದ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರಲು ಆಸನ ಇರಬೇಕೆಂದು ಹೇಳಿತ್ತು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೂ ಕೂರುವ ಹಕ್ಕು ಕೊಟ್ಟವು. ಪೊಲೀಸರ ವಿಷಯದಲ್ಲಿ ಮಾತ್ರ, ಪೊಲೀಸನನ್ನು ಸದಾ ಕರ್ತವ್ಯದಲ್ಲಿರುವವನೆಂದು ಭಾವಿಸಿದ 1861ರ ಪೊಲೀಸ್ ಕಾಯ್ದೆಯ ಮನೋಭಾವ ಇನ್ನೂ ಸಡಿಲಗೊಂಡಿಲ್ಲ. 1966ರ ಇನ್ನೊಂದು ಕಾಯ್ದೆ ಅವರು ಸಂಘ ಕಟ್ಟುವುದನ್ನೂ ನಿರ್ಬಂಧಿಸಿದೆ. ಕೇಳಲು ಬಾಯಿಲ್ಲದವರ ಪರವಾಗಿ ಕೇಳುವ ಹೊಣೆ ನಾಗರಿಕರದು.

ಕುಳಿತ ಪೊಲೀಸರಿಗೆ ಜನ ಹೆದರುವುದಿಲ್ಲ, ಶಿಸ್ತು ಸಡಿಲವಾಗುತ್ತದೆ ಎಂಬ ಆಕ್ಷೇಪವಿದೆ. ಆದರೆ ನೋಯುವ ಕಾಲಿನವರು ಗುಂಪು ನುಗ್ಗಿದಾಗ ಓಡಲಾರರು. ನೋವಿನಿಂದ ರೇಗಿದವರ ಬಾಯಲ್ಲಿ ಮೊದಲು ಕೆಡುವುದು ಜನರೊಂದಿಗಿನ ಮಾತು. ಸಿಬ್ಬಂದಿಯೇ ಕಡಿಮೆ, ಬಿಡುವು ಕೊಡುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಖಾಲಿ ಹುದ್ದೆ ತುಂಬಲೇಬೇಕು. ಅಲ್ಲಿಯವರೆಗೂ ಇರುವವರನ್ನು ಸವೆಸಿದರೆ ಅವರು ಬೇನೆಯ ರಜೆಗೆ ಹೋಗುತ್ತಾರೆ, ಕೊರತೆ ಮತ್ತಷ್ಟು ಬೆಳೆಯುತ್ತದೆ.

ಆರೋಗ್ಯ ಭಾಗ್ಯ ಯೋಜನೆ ಪೊಲೀಸರಿಗೆ ಆಸ್ಪತ್ರೆಯ ಖರ್ಚು ಭರಿಸುತ್ತದೆ, ಅದು ದೊಡ್ಡ ಆಸರೆ. ಆದರೆ ಅದು ಕಾಯಿಲೆ ಬಂದ ಮೇಲಿನ ಮಾತು. ಬರುವ ಮೊದಲು ಬೇಕಾದವು ಸಣ್ಣವು: ಪಾಯಿಂಟಿಗೊಂದು ಎತ್ತರದ ಸ್ಟೂಲು, ನೆರಳು, ಎರಡು ಗಂಟೆಗೊಮ್ಮೆ ಜಾಗದ ಬದಲಾವಣೆ, ಕಾಲಿಗೆ ಒಪ್ಪುವ ಬೂಟು, ತಪ್ಪದ ವಾರದ ರಜೆ. ಹುಮನಾಬಾದ್ ಉಪವಿಭಾಗಕ್ಕೆ ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಬರಲಿ. ಹಗುರ ಡ್ಯೂಟಿ ಕೇಳಿದವರನ್ನು ಮೈಗಳ್ಳರೆಂದು ಕಾಣದಿರಲಿ. ಭರ್ತಿಯ ದಿನ ಅಭ್ಯರ್ಥಿಯ ಎತ್ತರ, ಎದೆ, ಓಟದ ವೇಗವನ್ನೆಲ್ಲ ಅಳೆದು ತೆಗೆದುಕೊಳ್ಳುವ ಸರ್ಕಾರ, ಆ ದೇಹವನ್ನು ನಿವೃತ್ತಿಯವರೆಗೂ ಕಾಪಾಡುವ ಹೊಣೆಯನ್ನೂ ಹೊರಬೇಕು.