ಜನಸಂದಣಿಗೆ ಬಂದೂಕೇ ಕಾವಲೆ?

ಮುಧೋಳ ತಾಲೂಕಿನ ಹಲಗಲಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. 1857ರಲ್ಲಿ ಇಂಗ್ಲಿಷರ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿದಾಗ, ಆಯುಧವನ್ನೇ ಬಾಳುವೆಯ ಆಸರೆಯಾಗಿಯೂ ಮಾನದ ಗುರುತಾಗಿಯೂ ಭಾವಿಸಿದ್ದ ಅಲ್ಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿತು, ಮನೆಗಳು ಉರಿದವು, ಅನೇಕರು ಮಡಿದರು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಹನುಮ, ಬಾಲ, ಜಡಗ, ರಾಮ ಇವರ ಹೆಸರುಗಳನ್ನು ಲಾವಣಿಕಾರರು ಇಂದಿಗೂ ಉಳಿಸಿಕೊಂಡು ಬಂದಿದ್ದಾರೆ.

ಇಂಥ ನೆನಪುಳ್ಳ ನಾಡಿನಲ್ಲಿ, ಎಲ್ಲಿಯಾದರೂ ದುಷ್ಕರ್ಮಿಗಳು ಜನಸಮೂಹದ ಮೇಲೆ ಗುಂಡು ಹಾರಿಸಿದ ವಾರ್ತೆ ಬಂದೊಡನೆ, “ಅಲ್ಲಿ ನಾಲ್ಕು ಜನರ ಕೈಯಲ್ಲಿ ಬಂದೂಕಿದ್ದರೆ ಹೀಗಾಗುತ್ತಿತ್ತೇ?” ಎಂಬ ಪ್ರಶ್ನೆ ಏಳುವುದು ಸಹಜ. ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಬಾರದು. ಆದರೆ ಹಲಗಲಿಯವರು ಎದುರಿಸಿದ್ದು ಕಣ್ಣಿಗೆ ಕಾಣುವ, ಸಮವಸ್ತ್ರ ಧರಿಸಿದ ಸೈನ್ಯವನ್ನು. ಜಾತ್ರೆಯ ಸಂದಣಿಯಲ್ಲಿ ಆಕ್ರಮಣಕಾರನೂ ನಮ್ಮಂತೆಯೇ ಉಡುಪು ತೊಟ್ಟಿರುತ್ತಾನೆ. ಈ ಒಂದು ವ್ಯತ್ಯಾಸವೇ ಇಡೀ ಲೆಕ್ಕವನ್ನು ಬದಲಿಸುತ್ತದೆ.

ಮೊದಲು ಧ್ವನಿಯ ವಿಷಯವನ್ನು ವಿಚಾರಿಸೋಣ. ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ರೈಫಲಿನ ಗುಂಡು ಅದರ ಎರಡು ಪಟ್ಟಿಗಿಂತಲೂ ವೇಗವಾಗಿ ಹಾರುತ್ತದೆ. ಆದುದರಿಂದ ಗುಂಡು ನಮ್ಮ ಪಕ್ಕದಲ್ಲಿ ಹಾದುಹೋಗುವಾಗ ಚಾಟಿ ಹೊಡೆದಂಥ ಒಂದು ಸದ್ದೂ, ಅನಂತರ ಬಂದೂಕಿನ ಬಾಯಿಂದ ಹೊರಟ ಇನ್ನೊಂದು ಸದ್ದೂ ಕೇಳಿಸುತ್ತವೆ. ಮೊದಲನೆಯದು ಬಂದೂಕು ಇರುವ ದಿಕ್ಕಿನಿಂದ ಬಂದಂತೆ ತೋರುವುದಿಲ್ಲ, ಕಿವಿ ಮೋಸಹೋಗುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಂಥ ಇಕ್ಕಟ್ಟಾದ ಸ್ಥಳದಲ್ಲಿ ಗೋಡೆಗಳಿಂದ ಮರುಧ್ವನಿ ಹೊರಟು ಗೊಂದಲ ಇಮ್ಮಡಿಯಾಗುತ್ತದೆ. ಜಾತ್ರೆಯ ಮದ್ದಿನ ಸದ್ದೂ ಕೂಡಿದರೆ ಹೇಳುವುದೇ ಬೇಡ.

ಇನ್ನು ಮನುಷ್ಯನ ದೇಹವನ್ನು ನೋಡೋಣ. ಪ್ರಾಣಭಯವುಂಟಾದಾಗ ಹೃದಯದ ಬಡಿತ ಏರುತ್ತದೆ, ಕೈ ನಡುಗುತ್ತದೆ, ದೃಷ್ಟಿಯು ಒಂದೇ ಕಡೆಗೆ ನಾಟಿ ಅಕ್ಕಪಕ್ಕದ್ದು ಕಾಣದಂತಾಗುತ್ತದೆ. ಅಭ್ಯಾಸವುಳ್ಳ ಪೊಲೀಸರ ಗುಂಡುಗಳೂ ಇಂಥ ವೇಳೆ ಅನೇಕ ಸಲ ಗುರಿ ತಪ್ಪುತ್ತವೆ. ತಪ್ಪಿದ ಗುಂಡು ಆಕಾಶದಲ್ಲಿ ಕರಗಿಹೋಗುವ ವಸ್ತುವಲ್ಲ. ಸಂದಣಿಯಲ್ಲಿ ಅದು ಮತ್ತೊಬ್ಬರ ಮೈಯನ್ನು ಹುಡುಕಿಕೊಳ್ಳುತ್ತದೆ. ದುರುದ್ದೇಶವಿಲ್ಲದ ಗುಂಡೂ ಕೊಲ್ಲಬಲ್ಲದೆಂಬುದನ್ನು ನಮ್ಮ ಶಾಸನವೂ ಬಲ್ಲದು. 1959ರ ಆಯುಧ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯು, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರಿಗೆ ಅಪಾಯವೊಡ್ಡುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿದೆ.

2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಮ್ಮೇಳನ ಮುಗಿಸಿ ಹೊರಬರುತ್ತಿದ್ದ ವಿದ್ವಾಂಸರ ಮೇಲೆ ಗುಂಡಿನ ಮಳೆಗರೆಯಲಾಯಿತು. ದಿಲ್ಲಿಯ ಗಣಿತ ಪ್ರಾಧ್ಯಾಪಕ ಎಂ. ಸಿ. ಪುರಿಯವರು ಮಡಿದರು; ಇತರ ಕೆಲವರು ಗಾಯಗೊಂಡರು. ಆ ಕತ್ತಲಲ್ಲಿ ಐದಾರು ಪ್ರತಿನಿಧಿಗಳು ಪಿಸ್ತೂಲುಗಳನ್ನು ಹೊರತೆಗೆದಿದ್ದರೆಂದು ಊಹಿಸಿರಿ. ಯಾರು ಯಾರನ್ನು ವೈರಿಯೆಂದು ತಿಳಿಯುತ್ತಿದ್ದರು?

ಇದು ಬರಿಯ ಊಹೆಯಲ್ಲ. 2021ರಲ್ಲಿ ಅಮೆರಿಕೆಯ ಕೊಲರಾಡೊ ಪ್ರಾಂತದ ಆರ್ವಾಡಾ ಪಟ್ಟಣದಲ್ಲಿ ಒಬ್ಬ ನಾಗರಿಕನು ಆಕ್ರಮಣಕಾರನನ್ನು ಧೈರ್ಯದಿಂದ ಹೊಡೆದುರುಳಿಸಿದನು. ಆಮೇಲೆ ಅಲ್ಲಿಗೆ ಬಂದ ಪೊಲೀಸನು, ಕೈಯಲ್ಲಿ ರೈಫಲ್ ಹಿಡಿದಿದ್ದ ಆತನನ್ನೇ ಪಾತಕಿಯೆಂದು ಭಾವಿಸಿ ಗುಂಡಿಕ್ಕಿ ಕೊಂದನು. ಮರುವರ್ಷ ಇಂಡಿಯಾನಾ ಪ್ರಾಂತದ ಗ್ರೀನ್‌ವುಡ್ಡಿನ ಅಂಗಡಿ ಸಂಕೀರ್ಣದಲ್ಲಿ ಒಬ್ಬ ತರುಣನು ಕೆಲವೇ ಸೆಕೆಂಡುಗಳಲ್ಲಿ ಹಂತಕನನ್ನು ತಡೆದು ಅನೇಕರ ಪ್ರಾಣವನ್ನುಳಿಸಿದ್ದೂ ನಿಜ. ಎರಡನ್ನೂ ತಕ್ಕಡಿಯಲ್ಲಿ ಇಡಬೇಕು. ಅಮೆರಿಕೆಯ ತನಿಖಾ ಸಂಸ್ಥೆಯಾದ ಎಫ್.ಬಿ.ಐ. 2000ದಿಂದ 2013ರವರೆಗಿನ ಇಂಥ 160 ಘಟನೆಗಳನ್ನು ಅಭ್ಯಸಿಸಿತು. ಅವುಗಳಲ್ಲಿ ಪೊಲೀಸರಲ್ಲದ ಆಯುಧಧಾರಿಗಳು ಗುಂಡಿಗೆ ಗುಂಡು ಹಾರಿಸಿ ಕೊನೆಗಾಣಿಸಿದವು 5. ಆಯುಧವಿಲ್ಲದ ನಾಗರಿಕರು ಹಂತಕನನ್ನು ಹಿಡಿದು ಕೊನೆಗಾಣಿಸಿದವು 21. ಮನೆಮನೆಗೂ ಬಂದೂಕುಳ್ಳ ದೇಶದ ಲೆಕ್ಕವಿದು.

ಹಾಗಾದರೆ ಸಾಮಾನ್ಯನು ಕೈಕಟ್ಟಿ ಕುಳಿತಿರಬೇಕೇ? ಎಂದಿಗೂ ಇಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ನಿಲ್ದಾಣದಲ್ಲಿ ಐವತ್ತಕ್ಕೂ ಹೆಚ್ಚು ಜನರು ಗುಂಡಿಗೆ ಬಲಿಯಾದರು. ಆಗ ಪ್ರಕಟಣೆಯ ಕೆಲಸದಲ್ಲಿದ್ದ ವಿಷ್ಣು ಝೇಂಡೆ ಎಂಬ ರೈಲ್ವೆ ನೌಕರರು ತಮ್ಮ ಕೊಠಡಿಯನ್ನು ಬಿಟ್ಟೋಡದೆ, ಯಾವ ಕಡೆ ಹೋಗಬಾರದು, ಯಾವ ದಾರಿಯಿಂದ ಹೊರಬೀಳಬೇಕು ಎಂಬುದನ್ನು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಸಾರಿದರು. ಎಷ್ಟೋ ಪ್ರಯಾಣಿಕರು ಬದುಕಿಕೊಂಡರು. ಅವರ ಬಳಿ ಇದ್ದ ಆಯುಧವೆಂದರೆ ದಾರಿಯ ಅರಿವು ಮತ್ತು ಅಳುಕದ ಧ್ವನಿ, ಇವೆರಡೇ.

ದಾರಿಯ ಮಹತ್ವಕ್ಕೆ ಇನ್ನೊಂದು ಕಾರಣವೂ ಉಂಟು. ಒಂದು ಚದರ ಮೀಟರಿನಲ್ಲಿ ಆರಕ್ಕಿಂತ ಹೆಚ್ಚು ಜನರು ಒತ್ತಿಕೊಂಡರೆ ಸಮೂಹವು ನೀರಿನಂತೆ ವರ್ತಿಸತೊಡಗುತ್ತದೆ. ಯಾವೊಬ್ಬನಿಗೂ ತನ್ನ ಹೆಜ್ಜೆಯ ಮೇಲೆ ಹಿಡಿತವಿರುವುದಿಲ್ಲ, ಎದೆ ಅದುಮಿ ಉಸಿರು ನಿಲ್ಲುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ 11 ಜನರು ಸತ್ತದ್ದು ಯಾವ ಆಯುಧದಿಂದಲೂ ಅಲ್ಲ. ಭಯಗೊಂಡ ಸಂದಣಿಯ ನಡುವೆ ಹತ್ತು ದಿಕ್ಕಿನಿಂದ ಗುಂಡಿನ ಸದ್ದು ಕೇಳಿದರೆ ಗತಿಯೇನು?

ಆದುದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜಾತ್ರಾ ಸಮಿತಿಗಳಿಗೂ ತಾಲೂಕಿನ ಅಧಿಕಾರಿಗಳಿಗೂ ನನ್ನ ವಿನಂತಿ ಇಷ್ಟೇ. ತೇರಿನ ಬೀದಿಯಿಂದ ಹೊರಹೋಗುವ ಎರಡು ದಾರಿಗಳನ್ನಾದರೂ ಅಂಗಡಿ-ಬಂಡಿಗಳಿಂದ ಮುಕ್ತವಾಗಿಡಿರಿ. ಧ್ವನಿವರ್ಧಕದ ಬಳಿ ಆ ದಾರಿಗಳನ್ನು ಬಲ್ಲ ಒಬ್ಬ ಸಮಾಧಾನಚಿತ್ತನನ್ನು ಕೂರಿಸಿರಿ. 112ಕ್ಕೆ ಕರೆಮಾಡುವವರು ಯಾರೆಂಬುದು ಮೊದಲೇ ಗೊತ್ತಿರಲಿ. ಸ್ವಯಂಸೇವಕರಿಗೆ ರಕ್ತ ನಿಲ್ಲಿಸುವುದನ್ನು ಕಲಿಸಿರಿ. ಪ್ರಾಯದ ಮನುಷ್ಯನ ಮೈಯಲ್ಲಿರುವುದು ಸುಮಾರು 5 ಲೀಟರು ರಕ್ತ. ದೊಡ್ಡ ಧಮನಿ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಆಂಬುಲೆನ್ಸು ಬರುವವರೆಗೆ ಮಡಿಸಿದ ಬಟ್ಟೆಯನ್ನು ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿದರೆ ಆ ಪ್ರಾಣ ಉಳಿಯಬಹುದು.

ಬಂದೂಕಿನ ಪರವಾನಗಿ ಕೆಲವರಿಗೆ ಮಾತ್ರ ದೊರೆಯತಕ್ಕದ್ದು. ರಕ್ತ ನಿಲ್ಲಿಸುವ ವಿದ್ಯೆಗೆ ಯಾವ ಪರವಾನಗಿಯೂ ಬೇಡ. ಅದನ್ನು ಒಂದು ಮಧ್ಯಾಹ್ನದಲ್ಲಿ ಊರಿನ ಶಾಲೆಯ ಅಂಗಳದಲ್ಲಿಯೇ ಕಲಿಯಬಹುದು. ಹಲಗಲಿಯವರ ಧೈರ್ಯವು ನಮ್ಮಲ್ಲಿ ಇನ್ನೂ ಉಳಿದಿದೆಯೆಂದು ನಂಬುವವರು ಮುಂದಿನ ಜಾತ್ರೆಗೆ ಮೊದಲೇ ಅಲ್ಲಿಗೆ ಬರಲಿ.