ಹಿಗ್ಗದ ಚೌಕಟ್ಟುಗಳು

ಸೇತುವೆಯ ನಕ್ಷೆಯಿಂದ ಹಿಡಿದು ಪುಸ್ತಕದ ಮುಖಪುಟದವರೆಗೆ ಇಂದು ಬಹುಪಾಲು ವಿನ್ಯಾಸಗಳು ರೂಪುಗೊಳ್ಳುವುದು ಕಂಪ್ಯೂಟರಿನ ಪರದೆಯ ಮೇಲೆ. ಇದಕ್ಕೆ ನೆರವಾಗುವ ತಂತ್ರಾಂಶಗಳ ಸಾಮರ್ಥ್ಯ ಅದ್ಭುತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳನ್ನು ಬಳಸುವವರೆಲ್ಲ ಮೌನವಾಗಿ ಸಹಿಸಿಕೊಂಡು ಬಂದಿರುವ ಒಂದು ತೊಡಕನ್ನು ಕುರಿತು ನಾವಿಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಪರದೆಯ ಮೇಲೆ ಚಿತ್ರವು ಕಾಣಿಸಿಕೊಳ್ಳುವ ಚೌಕಕ್ಕೆ ವಿಂಡೋ, ಎಂದರೆ ಕಿಟಕಿ, ಎಂದು ಹೆಸರು. ರೇಖೆಯ ದಪ್ಪವೆಷ್ಟು, ಬಣ್ಣ ಯಾವುದು ಎಂದು ನಮ್ಮನ್ನು ಕೇಳುವುದಕ್ಕಾಗಿ ಅದರ ಮೇಲೆ ಮೂಡುವ ಚಿಕ್ಕ ಚೌಕಟ್ಟೇ ಡಯಲಾಗ್ ಬಾಕ್ಸ್. ಈ ಚೌಕಟ್ಟು ಬೇಕಾದ ಗಾತ್ರದಲ್ಲಿ ಇರದಿರುವುದೇ ಹೆಚ್ಚು. ನೂರು ಹೆಸರುಗಳ ಪಟ್ಟಿಯನ್ನು ಐದೇ ಸಾಲುಗಳ ಕಂಡಿಯಲ್ಲಿ ಅದು ತೋರಿಸುತ್ತದೆ. ಅಂಚನ್ನು ಹಿಡಿದೆಳೆದರೆ ಹಿಗ್ಗುವುದಿಲ್ಲ. ಹಿಗ್ಗಿದರೂ ಮುಂದಿನ ಬಾರಿ ಹಳೆಯ ಗಾತ್ರಕ್ಕೇ ಮರಳಿರುತ್ತದೆ. ಇನ್ನು ಕೆಲವು ಪರದೆಗಿಂತಲೂ ದೊಡ್ಡವು. 768 ಚುಕ್ಕೆಗಳಷ್ಟು ಎತ್ತರದ ಪರದೆಯಲ್ಲಿ 800 ಚುಕ್ಕೆಗಳಷ್ಟು ಎತ್ತರದ ಚೌಕಟ್ಟು ತೆರೆದುಕೊಂಡರೆ 32 ಚುಕ್ಕೆಗಳಷ್ಟು ಭಾಗ ಹೊರಗುಳಿಯುತ್ತದೆ. ಒಪ್ಪಿಗೆ ಸೂಚಿಸುವ ಗುಂಡಿ ಸಾಮಾನ್ಯವಾಗಿ ಇರುವುದು ಆ ಕೆಳಭಾಗದಲ್ಲಿಯೇ!

ಈ ತೊಡಕಿನ ಮೂಲವೇನು? ಪರದೆಯ ಚಿತ್ರವೆಲ್ಲ ಪಿಕ್ಸೆಲ್ ಎಂಬ ಸೂಕ್ಷ್ಮ ಚುಕ್ಕೆಗಳಿಂದಾದುದು. 1984ರಲ್ಲಿ ಹೊರಬಂದ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಲ್ಲಿ ಅಡ್ಡಲಾಗಿ 512, ಉದ್ದಕ್ಕೆ 342 ಚುಕ್ಕೆಗಳಿದ್ದವು. ಅಂಗುಲವೊಂದಕ್ಕೆ ಸುಮಾರು 72. ಮುಂದೆ ಬೇರೆ ಕಂಪ್ಯೂಟರುಗಳಲ್ಲಿ ಅಂಗುಲಕ್ಕೆ 96 ಎಂಬ ಲೆಕ್ಕ ರೂಢಿಗೆ ಬಂದಿತು. ಚುಕ್ಕೆಯ ಗಾತ್ರ ಹೆಚ್ಚುಕಡಿಮೆ ಸ್ಥಿರವಾಗಿದ್ದ ಆ ಕಾಲದಲ್ಲಿ ತಂತ್ರಾಂಶ ಬರೆಯುವವರು ಚೌಕಟ್ಟಿನ ಅಳತೆಯನ್ನು ಚುಕ್ಕೆಗಳಲ್ಲಿಯೇ ನಿಗದಿಗೊಳಿಸಿದರು. ಆದರೆ 2012ರ ವೇಳೆಗೆ ಅಂಗುಲಕ್ಕೆ 220 ಚುಕ್ಕೆಗಳುಳ್ಳ ಲ್ಯಾಪ್‌ಟಾಪುಗಳು ಮಾರುಕಟ್ಟೆಗೆ ಬಂದವು. ಅಂಗುಲಕ್ಕೆ 96 ಚುಕ್ಕೆಗಳಿರುವ ಪರದೆಯಲ್ಲಿ 480 ಚುಕ್ಕೆಗಳ ಅಗಲವೆಂದರೆ 5 ಅಂಗುಲ. ಅಂಗುಲಕ್ಕೆ 192 ಚುಕ್ಕೆಗಳಿದ್ದರೆ ಅದೇ ಚೌಕಟ್ಟು ಎರಡೂವರೆ ಅಂಗುಲಕ್ಕೆ ಇಳಿಯುತ್ತದೆ. ಅದರ ವಿಸ್ತೀರ್ಣವು ಕಾಲು ಭಾಗವಾಗುತ್ತದೆ. ಅದರಲ್ಲಿನ ಅಕ್ಷರಗಳೂ ಗುಂಡಿಗಳೂ ಅಷ್ಟಕ್ಕಷ್ಟೇ ಕುಗ್ಗುತ್ತವೆ. ಚೌಕಟ್ಟಿನ ಚಿತ್ರವನ್ನೇ ಹಿಗ್ಗಿಸಿ ತೋರಿಸುವ ಉಪಾಯವೊಂದುಂಟು. ಆಗ ಅಕ್ಷರಗಳು ಮಸುಕಾಗುತ್ತವೆ.

ಇದು ಕೇವಲ ಕಣ್ಣಿನ ಬೇಸರದ ಮಾತಲ್ಲ. 1954ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ ಅವರು, ಕೈಯನ್ನು ಒಂದು ಗುರಿಯ ಕಡೆಗೆ ಒಯ್ಯಲು ತಗಲುವ ಕಾಲವು ಗುರಿಯ ದೂರವನ್ನೂ ಅಗಲವನ್ನೂ ಹೇಗೆ ಅವಲಂಬಿಸುತ್ತದೆಂಬುದನ್ನು ಒಂದು ಸೂತ್ರದಲ್ಲಿ ನಿರೂಪಿಸಿದರು. ಆ ಸೂತ್ರದಂತೆ ಗುರಿಯ ಅಗಲ ಅರ್ಧವಾಗುವುದೂ ದೂರ ಇಮ್ಮಡಿಯಾಗುವುದೂ ಒಂದೇ. ಕುಗ್ಗಿದ ಗುಂಡಿಯನ್ನು ದಿನಕ್ಕೆ ನೂರಾರು ಸಲ ಒತ್ತಬೇಕಾದವರ ಕಾಲಹರಣವೆಷ್ಟೆಂಬುದನ್ನು ವಾಚಕರೇ ಊಹಿಸಬಹುದು. ದೃಷ್ಟಿ ಮಂದವಾದವರಿಗೆ, ಕೈ ನಡುಗುವವರಿಗೆ ಇದು ಬಾಗಿಲನ್ನೇ ಮುಚ್ಚಿದಂತೆ.

ಹೆಚ್ಚು ವಿಷಾದವೆನಿಸುವ ಸಂಗತಿ ಬೇರೊಂದಿದೆ. ಐವನ್ ಸದರ್ಲೆಂಡ್ ಅವರು 1963ರಲ್ಲಿ ಎಂ.ಐ.ಟಿ. ಸಂಸ್ಥೆಗೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ವರ್ಣಿಸಿದ ಸ್ಕೆಚ್‌ಪ್ಯಾಡ್, ಇಂದಿನ ವಿನ್ಯಾಸ ತಂತ್ರಾಂಶಗಳಿಗೆಲ್ಲ ಮೂಲಪುರುಷನಿದ್ದಂತೆ. ಈ ಎರಡು ರೇಖೆಗಳು ಸಮಾಂತರವಾಗಿರಲಿ, ಆ ಎರಡು ಭುಜಗಳು ಸಮನಾಗಿರಲಿ ಎಂದು ಅದರಲ್ಲಿ ಸಂಬಂಧಗಳನ್ನು ವಿಧಿಸಬಹುದಾಗಿತ್ತು. ಚಿತ್ರವು ಬದಲಾದರೂ ಸಂಬಂಧ ಕೆಡದಂತೆ ಯಂತ್ರವೇ ನೋಡಿಕೊಳ್ಳುತ್ತಿತ್ತು. ಇಂದು ಉಕ್ಕಿನ ತಗಡೊಂದರ ಅಗಲವನ್ನು ತಿದ್ದಿದರೆ ಅದರ ರಂಧ್ರಗಳು ತಾವೇ ಸರಿದು ನಿಲ್ಲುವುದು ಈ ತತ್ತ್ವದಿಂದಲೇ. ಆದರೆ ಆ ಅಗಲವೆಷ್ಟೆಂದು ಕೇಳುವ ಚೌಕಟ್ಟು ಮಾತ್ರ ಒಂದು ಅಂಗುಲವೂ ಹಿಗ್ಗದು! ಬಳಸುವವನಿಗೆ ಕೊಟ್ಟ ವಿದ್ಯೆಯನ್ನು ತಂತ್ರಾಂಶವು ತನ್ನ ಮೈಗೆ ಅನ್ವಯಿಸಿಕೊಂಡಿಲ್ಲ. ಇದು ಅಸಾಧ್ಯವೇನಲ್ಲ. ಚೌಕಟ್ಟಿನ ಭಾಗಗಳನ್ನು ಸಂಬಂಧಗಳಿಂದಲೇ ಹೊಂದಿಸುವ ಕ್ಯಾಸೋವರಿ ಎಂಬ ಗಣಿತವಿಧಾನವು 1990ರ ದಶಕದ ಕೊನೆಯಲ್ಲಿಯೇ ಸಿದ್ಧವಾಗಿತ್ತು. 2011ರಲ್ಲಿ ಆಪಲ್ ಸಂಸ್ಥೆಯು ಅದನ್ನು ತನ್ನ ಕಂಪ್ಯೂಟರುಗಳಲ್ಲಿ ಅಳವಡಿಸಿಕೊಂಡಿತು.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ವಿಶೇಷವಾದ ಆಸಕ್ತಿಯಿರಬೇಕು. ನಮ್ಮ ಲಿಪಿಯಲ್ಲಿ ಗುಣಿತದ ಚಿಹ್ನೆ ಅಕ್ಷರದ ಮೇಲೇರುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆಂದು ಕತ್ತರಿಸಿಟ್ಟ ಸಾಲಿನಲ್ಲಿ ಒತ್ತಿಗೆ ಸ್ಥಳವೆಲ್ಲಿ? ಭೂಪಟವೊಂದನ್ನು ರಚಿಸುವಾಗ ಪದರವೊಂದಕ್ಕೆ ‘ಹಳ್ಳಿ’ ಎಂದು ಹೆಸರಿಟ್ಟೆವೆನ್ನೋಣ. ಒತ್ತು ಮರೆಯಾದರೆ ಅದು ‘ಹಳಿ’ಯಾಗುತ್ತದೆ, ಊರಿರಬೇಕಾದಲ್ಲಿ ರೈಲುಮಾರ್ಗ!

ತಂತ್ರಾಂಶ ರಚಿಸುವವರ ಕಡೆಯಿಂದಲೂ ಒಂದು ವಾದವುಂಟು. ದಶಕಗಳಿಂದ ಬೆಳೆದು ಬಂದ ತಂತ್ರಾಂಶದಲ್ಲಿ ಇಂತಹ ಚೌಕಟ್ಟುಗಳು ನೂರಾರಿರುತ್ತವೆ. ಒಂದೊಂದನ್ನೂ ಹೊಸದಾಗಿ ಬರೆದು ಪರೀಕ್ಷಿಸುವುದು ಶ್ರಮದ, ವೆಚ್ಚದ ಕೆಲಸ. ಈ ಮಾತು ಸುಳ್ಳಲ್ಲ. ಹೌದು ಅಥವಾ ಅಲ್ಲ ಎಂಬ ಎರಡೇ ಗುಂಡಿಗಳ ಚೌಕಟ್ಟು ಹಿಗ್ಗಬೇಕಾದ ಅಗತ್ಯವೂ ಇಲ್ಲ. ಆದರೆ ಪಟ್ಟಿಗಳನ್ನೂ ಉದ್ದವಾದ ಹೆಸರುಗಳನ್ನೂ ತೋರಿಸುವ ಚೌಕಟ್ಟುಗಳನ್ನಾದರೂ ಮೊದಲು ಸರಿಪಡಿಸಬಹುದಷ್ಟೆ? ರಚಿಸುವವರು ಒಮ್ಮೆ ಉಳಿಸಿದ ಶ್ರಮವನ್ನು ಬಳಸುವ ಲಕ್ಷಾಂತರ ಮಂದಿ ಪ್ರತಿದಿನವೂ ತೆರಬೇಕಾಗುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಇಂದು ಕಾಲೇಜಿನಲ್ಲಿರುವವರಲ್ಲಿ ಅನೇಕರು ನಾಳೆ ಸ್ವತಃ ತಂತ್ರಾಂಶಗಳನ್ನು ಬರೆಯುವವರು. ಅವರಲ್ಲಿ ನಮ್ಮದೊಂದು ವಿನಂತಿ. ಚೌಕಟ್ಟಿನ ಅಳತೆಯನ್ನು ಸಂಖ್ಯೆಯಿಂದಲ್ಲ, ಸಂಬಂಧದಿಂದ ಹೇಳಿರಿ. ಒಳಗಿನ ಬರಹವನ್ನು ಮೊದಲು ಅಳೆದು ಹೊರಗಿನ ಚೌಕವನ್ನು ಆಮೇಲೆ ಎಳೆಯಿರಿ. ಬಳಸುವವರು ಒಮ್ಮೆ ಆಯ್ದ ಗಾತ್ರವನ್ನು ನೆನಪಿಡಿರಿ. ನಿಮ್ಮ ಮುಂದಿರುವ ದೊಡ್ಡ ಪರದೆಯಲ್ಲಿ ಮಾತ್ರವಲ್ಲ, ದೊರೆಯುವ ಅತಿ ಚಿಕ್ಕ ಪರದೆಯಲ್ಲಿ ಅತಿ ದೊಡ್ಡ ಅಕ್ಷರಗಳನ್ನಿಟ್ಟು, ಒಂದೆರಡು ಒತ್ತಕ್ಷರಗಳನ್ನೂ ಬರೆದು ಪರೀಕ್ಷಿಸಿರಿ. ಅಂಗಿಯನ್ನು ಮೈಗೆ ತಕ್ಕಂತೆ ಹೊಲಿಯುವುದು ದರ್ಜಿಯ ಧರ್ಮ. ಅಂಗಿಗೆ ತಕ್ಕಂತೆ ಮೈಯನ್ನು ಕುಗ್ಗಿಸಿಕೊಳ್ಳಿರೆಂದು ಯಾವ ದರ್ಜಿಯೂ ಹೇಳುವುದಿಲ್ಲ.